ಪ್ರಶ್ನೆಗೆ ಜಾಗ ಬಿಟ್ಟ ಧರ್ಮದ ಮಾತು

1936ರ ಮೇ ತಿಂಗಳು. ಆರೋಗ್ಯ ಕೆಟ್ಟು ದಣಿದಿದ್ದ ಗಾಂಧೀಜಿ ವಿಶ್ರಾಂತಿಗೆಂದು ನಂದಿ ಬೆಟ್ಟದ ಮೇಲೆ ತಂಗಿದ್ದರು. ಅವರನ್ನು ಕಾಣಲು ಇಬ್ಬರು ವಿಜ್ಞಾನಿಗಳು ಬಂದರು. ಒಬ್ಬರು ಸರ್ ಸಿ.ವಿ. ರಾಮನ್. ಆರು ವರ್ಷದ ಹಿಂದೆ ನೊಬೆಲ್ ಪಡೆದಿದ್ದ ಅವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಇನ್ನೊಬ್ಬರು ಯುರೋಪಿನಿಂದ ಬಂದಿದ್ದ ಜೀವವಿಜ್ಞಾನಿ ಗಿಲ್ಬರ್ಟ್ ರಾಮ್. ಅನ್ನ ನೀರಿಲ್ಲದೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುವ ಅತಿಸಣ್ಣ ಜೀವಿಗಳ ಮೇಲೆ ಕೆಲಸ ಮಾಡಿದವರು. ಆ ಗುಟ್ಟು ಸಿಕ್ಕರೆ ನನಗೂ ಹೇಳಿ ಎಂದು ಉಪವಾಸದ ಗಾಂಧೀಜಿ ನಕ್ಕರು. ರಾಮ್ ಅವರಿಗೆ ಇನ್ನೊಂದು ಗುರುತೂ ಇತ್ತು: ಅವರು ಕ್ರೈಸ್ತ ಸನ್ಯಾಸಿ. ಪ್ರಯೋಗಾಲಯ, ಮಠ ಎರಡಕ್ಕೂ ಸೇರಿದವರು.

ಮಾತು ಧರ್ಮದ ಕಡೆ ಹೊರಳಿತು. ಈ ಮತಗಳ ಜಗಳಕ್ಕೆ ಕೊನೆಯೇ ಇಲ್ಲವೇ ಎಂದು ರಾಮ್ ಕೇಳಿದರು. ಗಾಂಧೀಜಿ ಪ್ರಶ್ನೆಯನ್ನು ಕೇಳಿದವರ ಕಡೆಗೇ ತಿರುಗಿಸಿದರು. ಅದು ಕ್ರೈಸ್ತರ ಮನಸ್ಸನ್ನೂ ಅವಲಂಬಿಸಿದೆ ಎಂದರು. ರಾಮನ್ ನಡುವೆ ಬಂದರು. ದೇವರು ಇದ್ದರೆ ಅವನನ್ನು ಈ ವಿಶ್ವದಲ್ಲೇ ಹುಡುಕಬೇಕು, ಇಲ್ಲಿ ಸಿಗದವನನ್ನು ಹುಡುಕಿ ಫಲವಿಲ್ಲ ಎಂಬುದು ಅವರ ನಿಲುವು. ಮತಗಳು ಒಂದಾಗಲಾರವು, ವಿಜ್ಞಾನದಲ್ಲಿ ಮಾತ್ರ ಪೂರ್ಣ ಸೋದರಭಾವ ಸಾಧ್ಯ, ವಿಜ್ಞಾನಿಗಳೆಲ್ಲ ಅಣ್ಣತಮ್ಮಂದಿರು ಎಂದೂ ಸೇರಿಸಿದರು. ಹಾಗಾದರೆ ವಿಜ್ಞಾನಿಗಳಲ್ಲದವರು ಅಣ್ಣತಮ್ಮಂದಿರಲ್ಲವೇ ಎಂದು ಗಾಂಧೀಜಿ ಕೇಳಿದರು. ಎಲ್ಲರೂ ವಿಜ್ಞಾನಿಗಳಾಗಬಹುದಲ್ಲ ಎಂದರು ರಾಮನ್. ಹಾಗಿದ್ದರೆ ಇಸ್ಲಾಮಿಗೊಂದು ಕಲ್ಮಾ ಇರುವಂತೆ ನೀವು ವಿಜ್ಞಾನಕ್ಕೂ ಒಂದು ಕಲ್ಮಾ ಕೊಡಬೇಕಾಗುತ್ತದೆ ಎಂದು ಗಾಂಧೀಜಿ ಮಾತಿಗೆ ಮಾತು ಕೊಟ್ಟರು. ಈ ಸಂವಾದದ ವರದಿ ಅದೇ ತಿಂಗಳು ‘ಹರಿಜನ’ ಪತ್ರಿಕೆಯಲ್ಲಿ ಅಚ್ಚಾಯಿತು.

ಚಿಕ್ಕಬಳ್ಳಾಪುರದ ನೆಲದಲ್ಲಿ ಧರ್ಮವನ್ನು ಕುರಿತು ನಡೆದ ಇಷ್ಟು ಎತ್ತರದ ಚರ್ಚೆ ಇನ್ನೊಂದು ಸಿಗುವುದು ಕಷ್ಟ. ಆಸ್ತಿಕ, ಸನ್ಯಾಸಿ, ವಿಜ್ಞಾನಿ ಮೂವರೂ ಅಲ್ಲಿದ್ದರು. ಯಾರೂ ಯಾರನ್ನೂ ಮೆಚ್ಚಿಸಲು ಮಾತಾಡಲಿಲ್ಲ, ಯಾರ ಮನಸ್ಸೂ ಮುರಿಯಲಿಲ್ಲ. ನಂದಿಗೆ ಇಂದು ವಾರಾಂತ್ಯದಲ್ಲಿ ಸಾವಿರಾರು ಜನ ಬರುತ್ತಾರೆ. ಮಂಜು ನೋಡುತ್ತಾರೆ, ಸೂರ್ಯೋದಯ ನೋಡುತ್ತಾರೆ. ಈ ಮಾತುಕತೆ ಇಲ್ಲಿ ನಡೆಯಿತೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದ್ದೀತು?

ಗಾಂಧೀಜಿ ಅದೇ ವರ್ಷ ಬೆಂಗಳೂರಿಗೂ ಬಂದರು. ಅಲ್ಲಿ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಂದು ಹೇಳಿದ್ದು ನ್ಯಾಷನಲ್ ಹೈಸ್ಕೂಲಿನ ಒಬ್ಬ ವಿದ್ಯಾರ್ಥಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವನು. ಹಿಂದಿನ ವರ್ಷವಷ್ಟೇ ಓದಿನ ಆಸೆಗೆ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದಿದ್ದ ಬಡ ಮನೆಯ ಹುಡುಗ. ಮುಂದೆ ನಾಡೆಲ್ಲ ಎಚ್ಚೆನ್ ಎಂದು ಕರೆದ ಎಚ್. ನರಸಿಂಹಯ್ಯ.

ಸಾರ್ವಜನಿಕ ಉಪನ್ಯಾಸ ಎಂದರೆ ಏನಿರಬೇಕು ಎಂಬುದಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆ ಕಡೆ ಮಾದರಿ ಹುಡುಕಬೇಕಾಗಿಲ್ಲ. 1920ರಲ್ಲಿ ಹುಟ್ಟಿದ ಎಚ್ಚೆನ್ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದವರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಮರಳಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಬಂದವರು. ಖಾದಿ ಪಂಚೆ, ಜುಬ್ಬಾ, ತಲೆಗೆ ಗಾಂಧಿ ಟೋಪಿ, ವಾಸಕ್ಕೆ ಹಾಸ್ಟೆಲಿನ ಒಂದು ಕೋಣೆ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಾರಕ್ಕೊಂದು ಉಪನ್ಯಾಸ, ಬುಧವಾರ ಸಂಜೆ. ಟಿಕೆಟ್ಟಿಲ್ಲ, ಆಹ್ವಾನ ಪತ್ರಿಕೆ ಬೇಕಿಲ್ಲ. ಸಂಶೋಧಕರು, ನಿವೃತ್ತ ಗುಮಾಸ್ತರು, ಪಿಯುಸಿ ಹುಡುಗರು ಒಂದೇ ಸಾಲಿನಲ್ಲಿ ಕೂತು ಕೇಳಬಹುದಿತ್ತು. ಭಾಷಣಕಾರರು ಎಷ್ಟೇ ದೊಡ್ಡವರಾಗಲಿ, ಕೇಳುಗ ಎದ್ದುನಿಂತು ಪ್ರಶ್ನೆ ಹಾಕಬಹುದಿತ್ತು.

1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್ಚೆನ್ ಈ ಅಭ್ಯಾಸವನ್ನು ಧರ್ಮದ ಅಂಗಳಕ್ಕೂ ತಂದರು. 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿ ತಾವೇ ಅಧ್ಯಕ್ಷರಾದರು. ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಪಾಂಡವಪುರದ ಬಾಲಕನ ಪವಾಡದಲ್ಲಿ ಪವಾಡವೇನೂ ಇಲ್ಲವೆಂದು ಸಮಿತಿ ತೋರಿಸಿತು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಎಚ್ಚೆನ್ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು, ಉತ್ತರ ಬರಲಿಲ್ಲ. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು. ಕುಲಪತಿಗೆ ಇದೆಲ್ಲ ಯಾಕೆ ಎಂದವರೂ ಇದ್ದರು, ಕುಲಪತಿಯಲ್ಲದೆ ಇನ್ಯಾರು ಮಾಡಬೇಕು ಎಂದವರೂ ಇದ್ದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ತೆರೆದದ್ದೂ ಅವರೇ. ಇಂದು ಅದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಬಾಬಾ ಅವರ ಹೆಸರು ಹೊತ್ತ ವಿದ್ಯಾಸಂಸ್ಥೆಗಳಿವೆ, ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ. ಪ್ರಶ್ನೆಯೂ ಭಕ್ತಿಯೂ ಇಷ್ಟು ಹತ್ತಿರದಲ್ಲಿ ನೆಲೆ ಮಾಡಿಕೊಂಡಿರುವ ಜಿಲ್ಲೆ ಇದು.

ಆದರೆ ಎಚ್ಚೆನ್ ಮಾಡಿದ್ದು ಧರ್ಮದ ಒಂದು ಮಗ್ಗುಲಿನ ಪರೀಕ್ಷೆ. ವಿಭೂತಿ ಗಾಳಿಯಿಂದ ಬಂತೋ ತೋಳಿನ ಒಳಗಿನಿಂದ ಬಂತೋ ಎಂಬುದಕ್ಕೆ ಉತ್ತರ ಸಿಕ್ಕ ಮೇಲೂ ಜನ ಯಾಕೆ ಕೈಯೊಡ್ಡಿ ನಿಂತಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಇತಿಹಾಸ ಬೇಕು, ಸಮಾಜಶಾಸ್ತ್ರ ಬೇಕು, ಹಾಡು ಕಥೆಗಳ ಓದು ಬೇಕು, ಎಲ್ಲಕ್ಕಿಂತ ಮೊದಲು ಸಹನೆ ಬೇಕು. ವಿಶ್ವವಿದ್ಯಾಲಯಗಳಲ್ಲಿ ಧರ್ಮಗಳ ಅಧ್ಯಯನಕ್ಕೆಂದೇ ವಿಭಾಗಗಳು ಹುಟ್ಟಿದ್ದು ಇಂಥ ಕೆಲಸಕ್ಕೆ.

ಭಾರತದಲ್ಲಿ ಅಂಥ ವಿಭಾಗಗಳು ಬೆರಳೆಣಿಕೆಯಷ್ಟು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಗುರು ಗೋವಿಂದ ಸಿಂಗರ ಹೆಸರಿನಲ್ಲಿ ಒಂದು ಶುರುವಾಯಿತು. ಕರ್ನಾಟಕದಲ್ಲಿ ಒಂದೊಂದು ಧರ್ಮಕ್ಕೆ ಒಂದೊಂದು ಪೀಠವೋ ವಿಭಾಗವೋ ಬಂದಿದೆ. ಮೈಸೂರಿನಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ, ಅಲ್ಲೇ ಕ್ರೈಸ್ತಧರ್ಮ. ಧಾರವಾಡದಲ್ಲಿ ಬಸವೇಶ್ವರ ಪೀಠ. ಮೈಸೂರಿನ ಜೈನ ಅಧ್ಯಯನಕ್ಕೆ ಮೊದಲ ಪ್ರಾಧ್ಯಾಪಕರಾಗಿ ಬಂದವರು ಆ.ನೆ. ಉಪಾಧ್ಯೆ, ಪ್ರಾಕೃತ ಗ್ರಂಥ ಸಂಪಾದನೆಯಲ್ಲಿ ಜಗತ್ತು ಒಪ್ಪಿದ ವಿದ್ವಾಂಸ. ಇವೆಲ್ಲ ಬೆಲೆಯುಳ್ಳ ಕೆಲಸಗಳೇ. ಆದರೆ ಬೇರೆ ಬೇರೆ ಧರ್ಮಗಳು ಒಂದೇ ಮೇಜಿನ ಸುತ್ತ ಕೂರುವ ವಿಭಾಗ ನಮ್ಮಲ್ಲಿ ಬೆಳೆಯಲಿಲ್ಲ.

ಕಾನೂನು ಅಡ್ಡ ಬರುತ್ತದೆಂಬ ಭಯ ಹಲವರಲ್ಲಿದೆ. ಆ ಭಯಕ್ಕೆ ಆಧಾರವಿಲ್ಲ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಆದರೆ ಪಂಜಾಬಿನಲ್ಲಿ ಗುರುನಾನಕರ ಬದುಕು, ಬೋಧನೆಗಳ ಅಧ್ಯಯನದ ಬಗ್ಗೆ ಡಿ.ಎ.ವಿ. ಕಾಲೇಜು ತಕರಾರು ಎತ್ತಿದಾಗ, ಸಂತನೊಬ್ಬನನ್ನು ವಿದ್ವತ್ತಿನ ದೃಷ್ಟಿಯಿಂದ ಓದುವುದು ಧಾರ್ಮಿಕ ಬೋಧನೆಯಾಗದು ಎಂದು 1971ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲೂ ಧರ್ಮಗಳ ಬಗ್ಗೆ ತಿಳಿಸುವುದಕ್ಕೆ ಅಡ್ಡಿಯಿಲ್ಲವೆಂದೇ ತೀರ್ಪು ಬಂತು. ಅದಕ್ಕೂ ಮೊದಲು, 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಪದವಿಯ ಮೊದಲ ವರ್ಷದಲ್ಲೇ ಬುದ್ಧ, ಯೇಸು, ಶಂಕರ, ರಾಮಾನುಜ, ಮಧ್ವ, ಮುಹಮ್ಮದ್, ಕಬೀರ್, ನಾನಕರ ಜೀವನವನ್ನು ಓದಿಸಬೇಕೆಂದು ಶಿಫಾರಸು ಮಾಡಿತ್ತು. ಆ ಆಯೋಗದ ಅಧ್ಯಕ್ಷರಾಗಿದ್ದ ಎಸ್. ರಾಧಾಕೃಷ್ಣನ್ 1918ರಿಂದ 21ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದ್ದವರು.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ನ್ಯಾಯಾಧೀಶ ಆಡಂ ಗಿಫರ್ಡ್ 1887ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯ ದೊಡ್ಡ ಪಾಲನ್ನು ಅಲ್ಲಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಬರೆದಿಟ್ಟಿದ್ದ. ದೇವರ ವಿಷಯವನ್ನು ಖಗೋಳ ಅಥವಾ ರಸಾಯನ ವಿಜ್ಞಾನದಂತೆ ಬಿಚ್ಚುಮನಸ್ಸಿನಿಂದ ವಿಚಾರಿಸಬೇಕು, ಉಪನ್ಯಾಸಕ ಯಾವ ಮತದವನಾದರೂ ಆಗಬಹುದು, ಮತವೇ ಇಲ್ಲದವನೂ ಆಗಬಹುದು, ಉಪನ್ಯಾಸ ಊರಿನವರಿಗೆಲ್ಲ ತೆರೆದಿರಬೇಕು. ಇವು ಅವನ ಉಯಿಲಿನ ಷರತ್ತುಗಳು. 1888ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್ಸ್ ಮುಲ್ಲರ್ ಶುರುಮಾಡಿದರು. 1901–02ರಲ್ಲಿ ಎಡಿನ್‌ಬರೋದಲ್ಲಿ ವಿಲಿಯಂ ಜೇಮ್ಸ್ ಮಾತಾಡಿದ್ದು ಧಾರ್ಮಿಕ ಅನುಭವದ ಬಗೆಗಿನ ಪ್ರಸಿದ್ಧ ಗ್ರಂಥವಾಯಿತು. ಸರಣಿ ಇವತ್ತಿಗೂ ನಡೆಯುತ್ತಿದೆ.

ಇಂಥದ್ದು ಕನ್ನಡಕ್ಕೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ ಸಂಸ್ಥಾನದ ಕಾಲದಲ್ಲೇ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸುತ್ತಿತ್ತು. ಆ ಮಾತುಗಳು ಸಣ್ಣ ಪುಸ್ತಿಕೆಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಕೋಲಾರ ಸೀಮೆಯಿಂದಲೇ ಹೋದ ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಗೀತೆಯ ಮೇಲೆ ಮಾಡಿದ ಉಪನ್ಯಾಸಗಳು ‘ಜೀವನಧರ್ಮಯೋಗ’ವಾಗಿ ಬಂದು 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು.

ಹಾಗಾದರೆ ಈ ಜಿಲ್ಲೆಯ ತಾಲ್ಲೂಕುಗಳಲ್ಲಿ ಮಾತಾಡಲು ಏನಿದೆ? ಹೇಳುತ್ತ ಹೋದರೆ ಮುಗಿಯದಷ್ಟಿದೆ.

ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೇ ತೆಗೆದುಕೊಳ್ಳಿ. ಯೋಗಿ ನಾರೇಯಣ ಯತೀಂದ್ರರು, ಜನರ ಬಾಯಲ್ಲಿ ತಾತಯ್ಯ, ಬಳೆಯ ಮಲಾರ ಹೊತ್ತು ಹಳ್ಳಿ ಹಳ್ಳಿ ತಿರುಗಿದವರು. ವ್ಯಾಪಾರದಲ್ಲಿ ಮನಸ್ಸಿಲ್ಲದೆ ಮನೆಯಿಂದ ಹೊರಬಿದ್ದು, ಗುರುವಿನಿಂದ ಅಷ್ಟಾಕ್ಷರಿ ಮಂತ್ರ ಪಡೆದು, ಬಾಯಲ್ಲಿಟ್ಟ ಬೆಣಚುಕಲ್ಲು ಕಲ್ಲುಸಕ್ಕರೆಯಾಗುವವರೆಗೂ ಗುಹೆಯಲ್ಲಿ ಜಪ ಮಾಡಿದರು ಎಂಬುದು ಭಕ್ತರೆಲ್ಲ ಬಲ್ಲ ಕಥೆ. ಪರಂಪರೆಯ ಲೆಕ್ಕದಲ್ಲಿ ಅವರು 1726ರಲ್ಲಿ ಹುಟ್ಟಿ 110 ವರ್ಷ ಬದುಕಿದರು. ಅಂದರೆ ಹೈದರ್, ಟಿಪ್ಪು, ಮರಾಠರ ದಂಡುಗಳು, ಇಂಗ್ಲಿಷರ ಪಟಾಲಂಗಳು ಈ ಸೀಮೆಯನ್ನು ತುಳಿದು ಹಾದುಹೋದ ಕಾಲವನ್ನೆಲ್ಲ ಒಂದೇ ಆಯುಷ್ಯ ಕಂಡಿತು. ಅವರ ಕಾಲಜ್ಞಾನವನ್ನು ಆ ಹಿನ್ನೆಲೆಯಲ್ಲಿ ಓದಿದರೆ ಭವಿಷ್ಯದ ಸೂಚನೆಗಿಂತ ಹೆಚ್ಚಿನದೇನೋ ಕಾಣುತ್ತದೆ: ಲೋಕ ತಲೆಕೆಳಗಾಗುವುದನ್ನು ಕಣ್ಣಾರೆ ನೋಡಿದವನ ಸಂಕಟ.

ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಇದು ಈ ಸೀಮೆಯ ಸಹಜ ಬದುಕು. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಜಗಳ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ. ಒಂದೇ ಭಜನೆಯಲ್ಲಿ ಎರಡೂ ಭಾಷೆಯ ಪದಗಳು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯುವ ಮೂರು ದಿನದ ಸಂಗೀತೋತ್ಸವಕ್ಕೆ ಕರ್ನಾಟಕ, ಆಂಧ್ರ, ತಮಿಳುನಾಡುಗಳಿಂದ ಭಜನಾ ಮಂಡಳಿಗಳು ಬರುತ್ತವೆ. ತಾಳ, ತಂಬೂರಿ, ಹಾರ್ಮೋನಿಯಂ, ಡೋಲಕ್ ಹೊತ್ತು ತಂಡದ ಮೇಲೆ ತಂಡ ಕೂತು ಹಾಡಿ ಏಳುತ್ತವೆ. ಹೆಸರಾಂತ ವಿದ್ವಾಂಸರ ಕಛೇರಿಗೂ ಹಳ್ಳಿಯ ಮಂಡಳಿಯ ಪದಕ್ಕೂ ಅಲ್ಲಿ ಅವಕಾಶವಿದೆ. ಕ್ಷೇತ್ರವನ್ನು ಈಗಿನ ರೂಪಕ್ಕೆ ತಂದವರಲ್ಲಿ ಎಂ.ಎಸ್. ರಾಮಯ್ಯನವರ ಹೆಸರು ದೊಡ್ಡದು. ತಾತಯ್ಯನವರ ಜಯಂತಿಯನ್ನು ಸರ್ಕಾರವೂ ಆಚರಿಸುತ್ತದೆ.

ಹಾಡು ಉಳಿದಿದೆ, ಭಕ್ತಿ ಉಳಿದಿದೆ; ಅದರ ಪಕ್ಕದಲ್ಲೇ ಇನ್ನೊಂದು ಕೆಲಸಕ್ಕೆ ಜಾಗವಿದೆ. ತಾತಯ್ಯನವರ ಕಾಲಜ್ಞಾನಕ್ಕೂ ತೆಲುಗು ನಾಡಿನ ಪೋತುಲೂರಿ ವೀರಬ್ರಹ್ಮರ ಕಾಲಜ್ಞಾನಕ್ಕೂ ಏನು ಸಂಬಂಧ? ವೇಮನನ ಮಾತಿನ ಚುರುಕು ತಾತಯ್ಯನವರಲ್ಲಿ ಎಲ್ಲೆಲ್ಲಿ ಕೇಳಿಸುತ್ತದೆ? ಬಳೆಗಾರನ ದಾರಿ ಯಾವ ಯಾವ ಊರುಗಳನ್ನು ಹಾಯುತ್ತಿತ್ತು, ಹೆಂಗಸರ ಅಂಗಳದಲ್ಲಿ ಕೂತು ಬಳೆ ತೊಡಿಸುವವನ ಕಣ್ಣಿಗೆ ಕಂಡ ಸಂಸಾರ ಅವನ ಪದಗಳಲ್ಲಿ ಹೇಗೆ ಬಂದಿದೆ? ಇವು ಭಕ್ತರು ಕೂಡ ಆಸೆಯಿಂದ ಕೇಳಬಹುದಾದ ಪ್ರಶ್ನೆಗಳು. ಉತ್ತರ ಹುಡುಕಲು ಹಸ್ತಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬಲ್ಲವರು ಬೇಕು. ಎರಡೂ ಭಾಷೆ ಬಲ್ಲವರು ಬೇಕು.

ಕೈವಾರದಿಂದ ದೂರವಿಲ್ಲದ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ಹರಕೆ ಹೊತ್ತು ಬರುವವರಲ್ಲಿ ಮುಸ್ಲಿಮರಷ್ಟೇ ಸಹಜವಾಗಿ ಹಿಂದೂಗಳೂ ಇದ್ದಾರೆ. ಇದನ್ನು ಸೌಹಾರ್ದದ ಭಾಷಣಕ್ಕೆ ಒಂದು ಸಾಲಾಗಿ ಬಳಸಿ ಮುಂದೆ ಹೋಗುವುದು ನಮಗೆ ರೂಢಿಯಾಗಿದೆ. ಅದಕ್ಕಿಂತ ಹೆಚ್ಚು ಗಮನಕ್ಕೆ ಅದು ಯೋಗ್ಯ. ಯಾವ ಊರಿನವರು, ಯಾವ ಕಷ್ಟಕ್ಕೆ, ಯಾವ ದಿನ ಬರುತ್ತಾರೆ. ಮನೆಗೆ ಹೋಗಿ ಏನು ನಡೆಸುತ್ತಾರೆ. ಅಜ್ಜಿಯ ಹರಕೆಯನ್ನು ಮೊಮ್ಮಗಳು ಮುಂದುವರಿಸಿದ್ದಾಳೆಯೇ? ಕೂತು ಕೇಳಿ ಬರೆದುಕೊಂಡವರು ಬಂದು ಹೇಳಿದರೆ ಅದೊಂದು ಒಳ್ಳೆಯ ಸಂಜೆಯ ಉಪನ್ಯಾಸ.

ಇನ್ನು ನಂದಿ. ತಪ್ಪಲಿನ ಭೋಗನಂದೀಶ್ವರ ದೇವಾಲಯದ ಚರಿತ್ರೆ ಒಂಬತ್ತನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಅದಕ್ಕೆ ಕೈ ಸೇರಿಸಿದರು. ಪಕ್ಕದ ಗೋಪಿನಾಥ ಬೆಟ್ಟದ ಶಾಸನ ಬೇರೆಯದೇ ಕಥೆ ಹೇಳುತ್ತದೆ. ಬಿ.ಎಲ್. ರೈಸ್ ಎಂಟನೇ ಶತಮಾನದ್ದೆಂದು ಅಂದಾಜಿಸಿದ ಆ ಬರಹದ ಪ್ರಕಾರ ಅಲ್ಲಿದ್ದದ್ದು ಅರ್ಹಂತನ ಚೈತ್ಯ. ಅದನ್ನು ಸ್ಥಾಪಿಸಿದವನು ದಶರಥನ ಮಗ ರಾಮ, ಮುಂದೆ ಜೀರ್ಣೋದ್ಧಾರ ಮಾಡಿಸಿದವಳು ಪಾಂಡವರ ತಾಯಿ ಕುಂತಿ. ಜೈನ ಶಾಸನವೊಂದು ರಾಮನನ್ನೂ ಕುಂತಿಯನ್ನೂ ತನ್ನ ಬೆಟ್ಟಕ್ಕೆ ಕರೆತಂದಿದೆ. ಇಂದು ಅದು ವೈಷ್ಣವ ಹೆಸರಿನ ಬೆಟ್ಟ. ಅದನ್ನು ಓದಿ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚು ಹಾಕಿಸಿದ ರೈಸ್ ಬೆಂಗಳೂರಿನ ಲಂಡನ್ ಮಿಷನ್ ಪಾದ್ರಿಯ ಮಗ. ಅದೇ ಮಿಷನ್ ಚಿಕ್ಕಬಳ್ಳಾಪುರ ಪಟ್ಟಣದಲ್ಲಿ ಆಸ್ಪತ್ರೆ ಕಟ್ಟಿತು. ಒಂದು ಕಲ್ಲು, ಅದರ ಸುತ್ತ ಎಷ್ಟು ಧರ್ಮಗಳ ಕೈ! ಇದನ್ನು ಗಟ್ಟಿಯಾಗಿ, ಸಾವಧಾನವಾಗಿ ಹೇಳಬಲ್ಲ ಶಾಸನತಜ್ಞರು ಬಂದರೆ ಸಭೆಯ ಯಾವ ಮೂಲೆಯಲ್ಲೂ ಯಾರೂ ಅವಮಾನ ಪಡಬೇಕಾಗಿಲ್ಲ.

ಗೌರಿಬಿದನೂರಿನ ವಿದುರಾಶ್ವತ್ಥಕ್ಕೆ ಜನ ಹೋಗುವುದು ನಾಗರ ಪ್ರತಿಷ್ಠೆಗೆ. ಸಾವಿರಾರು ನಾಗರಕಲ್ಲುಗಳು, ವಿದುರ ನೆಟ್ಟ ಅಶ್ವತ್ಥವೆಂಬ ಸ್ಥಳಪುರಾಣ. ಅಲ್ಲೇ 1938ರ ಏಪ್ರಿಲ್ 25ರಂದು ನಿಷೇಧವನ್ನು ಮೀರಿ ಧ್ವಜ ಹಿಡಿದು ಭಾಷಣ ಕೇಳಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಪುಣ್ಯಕ್ಷೇತ್ರದಲ್ಲಿ ಸಭೆ ಸೇರುವ ಹಕ್ಕಿಗೆ ಈ ತಾಲ್ಲೂಕಿನವರು ಪ್ರಾಣ ತೆತ್ತಿದ್ದಾರೆ.

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಹತ್ತು ವರ್ಷದ ಮೇಲೆ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ, ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ಕೆಲಸ ಶುರುಮಾಡಿತು. ಅದರ ಹೊಸ ಕ್ಯಾಂಪಸ್ಸಿಗೆ ಆರಿಸಿದ ಜಾಗ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿ. ಸುತ್ತ ಹಿಪ್ಪುನೇರಳೆ ತೋಟದ ಸೀಮೆ. ಪಕ್ಕದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹುಳು ಸಾಕಿದ ರೈತ ಗೂಡು ತಂದು ಜಾಲರಿಗೆ ಸುರಿಯುತ್ತಾನೆ. ಕೊಳ್ಳುವ ರೀಲರ್‌ಗಳಲ್ಲಿ ದೊಡ್ಡ ಪಾಲು ಮುಸ್ಲಿಂ ಮನೆತನದವರು. ಒಬ್ಬರ ಹಬ್ಬಕ್ಕೆ ಮಾರುಕಟ್ಟೆಗೆ ರಜೆಯಾದರೆ ಇನ್ನೊಬ್ಬರ ಮನೆಯ ಲೆಕ್ಕಾಚಾರವೂ ಬದಲಾಗುತ್ತದೆ. ಧರ್ಮಗಳ ಸಹವಾಸವನ್ನು ಓದಲು ಇದಕ್ಕಿಂತ ಜೀವಂತ ಪಠ್ಯ ಯಾವ ಗ್ರಂಥಾಲಯದಲ್ಲಿದೆ?

ಈ ವಿಶ್ವವಿದ್ಯಾಲಯ ಪೂರ್ಣ ಪ್ರಮಾಣದ ವಿಭಾಗ ತೆರೆಯುವವರೆಗೆ ಕಾಯಬೇಕಾಗಿಲ್ಲ. ಇತಿಹಾಸ, ಕನ್ನಡ, ಸಮಾಜಶಾಸ್ತ್ರದ ಅಧ್ಯಾಪಕರು ಕೂಡಿ ತಿಂಗಳಿಗೊಂದು ಉಪನ್ಯಾಸ ಇಟ್ಟುಕೊಂಡರೆ ಸಾಕು. ಒಂದು ತಿಂಗಳು ಅಮರಾವತಿ, ಮುಂದಿನದು ಚಿಂತಾಮಣಿ, ಆಮೇಲೆ ಗೌರಿಬಿದನೂರು, ಚಿಕ್ಕಬಳ್ಳಾಪುರ. ಮಾತು ಕನ್ನಡದಲ್ಲಿ, ಪ್ರಶ್ನೆ ತೆಲುಗಿನಲ್ಲೋ ಉರ್ದುವಿನಲ್ಲೋ ಬಂದರೆ ಯಾರಾದರೂ ತಿರುಗಿಸಿ ಹೇಳಲಿ, 1936ರಲ್ಲಿ ಹೊಸೂರಿನ ಹುಡುಗ ಮಾಡಿದಂತೆ. ಭಜನಾ ಮಂಡಳಿಯ ಹಿರಿಯರಿಗೂ ದರ್ಗಾದ ಮುಜಾವರರಿಗೂ ಚರ್ಚಿನ ಪಾದ್ರಿಗಳಿಗೂ ಕೈಯಲ್ಲಿ ಕೊಟ್ಟು ಬರುವ ಕರೆಪತ್ರ ಬೇಕು. ವಾಟ್ಸ್‌ಆ್ಯಪಿಗೆ ಹಾಕಿ ಕೂತರೆ ಅವರು ಬರುವುದಿಲ್ಲ. ಕರೆಯಬೇಕಾದವರಲ್ಲಿ ದೇವರನ್ನು ನಂಬದವರೂ ಇರಬೇಕು.

ನಮ್ಮ ಸಭೆಗಳ ದೊಡ್ಡ ಕಾಯಿಲೆ ವೇದಿಕೆಯ ಉದ್ದ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು ಹಾರ ಫಲತಾಂಬೂಲ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ನಾಲ್ಕು ಮಾತು ಎಲ್ಲ ಮುಗಿಯುವ ಹೊತ್ತಿಗೆ ಉಪನ್ಯಾಸಕರಿಗೆ ಅರ್ಧ ಗಂಟೆ, ಕೇಳುಗರಿಗೆ ಸೊನ್ನೆ. ಧರ್ಮದ ವಿಷಯದಲ್ಲಿ ಇದು ಅಪಾಯಕಾರಿ ಕೂಡ. ಸಭೆಯಲ್ಲಿ ಕೇಳಲಾಗದ ಪ್ರಶ್ನೆ ಬೀದಿಯಲ್ಲಿ ಬೇರೆ ದನಿಯಲ್ಲಿ ಹೊರಬರುತ್ತದೆ. ಎಚ್ಚೆನ್ ಬುಧವಾರದ ಸಂಜೆಗಳಲ್ಲಿ ಈ ಕಾಯಿಲೆಗೆ ಮದ್ದು ತೋರಿಸಿದ್ದಾರೆ: ಒಬ್ಬ ಭಾಷಣಕಾರ, ಒಂದು ವಿಷಯ, ಸಮಯಕ್ಕೆ ಸರಿಯಾಗಿ ಆರಂಭ. ಇಲ್ಲಿಗೆ ಇನ್ನೊಂದು ಷರತ್ತು ಸೇರಬೇಕು. ಕೈವಾರ, ಮುರುಗಮಲ್ಲ, ಜಂಗಮಕೋಟೆ ಕಡೆಯಿಂದ ಬರುವವರಿಗೆ ಸ್ವಂತ ಕಾರಿಲ್ಲ. ಸಂಜೆ ನಾಲ್ಕಕ್ಕೆ ಶುರುವಾಗಿ ಐದಕ್ಕೆ ಮಾತು ನಿಲ್ಲಲಿ. ಅಲ್ಲಿಂದ ಕೊನೆಯ ಬಸ್ಸಿನವರೆಗಿನ ಹೊತ್ತೆಲ್ಲ ಪ್ರಶ್ನೆ ಕೇಳುವವರದ್ದು.